ಗ್ಯಾರೇಜ್ ಕೆಲಸಕ್ಕೆ ಹೊಸದಾಗಿ ಸೇರುವವರು ಯಾವ ಟೂಲ್ ಕೊಳ್ಳಬೇಕು, ಯಾವುದಕ್ಕೆ ಕಾಯಬೇಕು

ಐಟಿಐನಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕೋರ್ಸ್ ಮುಗಿಸಿ ಕಾರ್ ಗ್ಯಾರೇಜಿಗೆ ಸೇರುವ ಹುಡುಗ ಹುಡುಗಿಯರು ಮೊದಲ ವಾರದಲ್ಲೇ ಮಾಡುವ ದೊಡ್ಡ ಖರ್ಚು ಒಂದಿದೆ: ನೂರೆಂಟು ಪೀಸಿನ, ಪ್ಲಾಸ್ಟಿಕ್ ಪೆಟ್ಟಿಗೆಯ ಸಾಕೆಟ್ ಸೆಟ್. ನೋಡಲು ಚೆನ್ನಾಗಿರುತ್ತದೆ. ಸಾಕೆಟ್ ಅಂದರೆ ಬೋಲ್ಟಿನ ತಲೆಗೆ ಟೋಪಿಯಂತೆ ಕೂರುವ ಟೂಲ್. ಅದರಲ್ಲಿರುವ 4, 4.5, 5.5 ಮಿ.ಮೀ.ಯಂಥ ಪುಟ್ಟ ಸಾಕೆಟ್‌ಗಳು ಕಾರಿನಲ್ಲಿ ಅಪರೂಪಕ್ಕೊಮ್ಮೆ ಬೇಕಾಗುತ್ತವೆ. ದಿನಕ್ಕೆ ಇಪ್ಪತ್ತು ಸಲ ಬೇಕಾಗುವ ಉದ್ದನೆಯ 10, 12, 14ರ ಸಾಕೆಟ್ ಬಹಳಷ್ಟು ಅಗ್ಗದ ಸೆಟ್‌ಗಳಲ್ಲಿ ಇರುವುದೇ ಇಲ್ಲ. ಪೀಸುಗಳ ಸಂಖ್ಯೆ ನೋಡಿ ಕೊಳ್ಳಬೇಡಿ. ನಿಮ್ಮ ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಯಾವ ಬೋಲ್ಟ್‌ಗಳಿವೆ ಎಂದು ತಿಳಿದುಕೊಂಡು, ಆ ಬೋಲ್ಟಿನ ತಲೆಗೆ ತಾಗುವ ಉಕ್ಕಿಗೆ ದುಡ್ಡು ಹಾಕಿ. ಮಿಕ್ಕದ್ದೆಲ್ಲ ನಿಧಾನವಾಗಿ ಸೇರಿಕೊಳ್ಳುತ್ತದೆ.

ಕೊಳ್ಳುವ ಮೊದಲು ಕೇಳಬೇಕಾದ್ದು

ಕೆಲಸಕ್ಕೆ ಸೇರುವ ದಿನವೇ ಮಾಲೀಕರನ್ನೋ ಸೂಪರ್‌ವೈಸರನ್ನೋ ಮೂರು ಮಾತು ಕೇಳಿ. ಯಾವ ಟೂಲ್ ಗ್ಯಾರೇಜಿನದು, ಯಾವುದು ನಾನು ತರಬೇಕು? ಗ್ಯಾರೇಜಿನ ಟೂಲ್ ಕಳೆದರೆ ಅಥವಾ ಮುರಿದರೆ ಹೊಣೆ ಯಾರದು? ನನ್ನ ಪೆಟ್ಟಿಗೆಗೆ ಬೀಗ ಹಾಕಿ ಇಡಲು ಜಾಗ ಇದೆಯೇ?

ಕಂಪನಿ ಅಧಿಕೃತ ಸರ್ವಿಸ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಟೂಲ್ ಟ್ರಾಲಿ ಅವರದೇ ಇರುತ್ತದೆ, ಕೆಲವೊಮ್ಮೆ ಇಬ್ಬರು ಮೂವರು ಟೆಕ್ನಿಷಿಯನ್‌ಗಳಿಗೆ ಸೇರಿ ಒಂದು. ಅಂಥ ಕಡೆ ಟ್ರಾಲಿಯನ್ನು ನಿಮ್ಮ ಹೆಸರಿಗೆ ಬರೆಯುವ ಮುನ್ನ ಪಟ್ಟಿ ಹಿಡಿದು ಒಂದೊಂದೇ ಎಣಿಸಿ. ಮೊದಲೇ ಇಲ್ಲದ್ದನ್ನು ‘ಇಲ್ಲ’ ಎಂದು ಬರೆಸಿ ಸಹಿ ಹಾಕಿ. ಹಾಗೆ ಮಾಡದಿದ್ದರೆ ನಿಮಗಿಂತ ಮುಂಚೆ ಇದ್ದವರು ಕಳೆದ 12ರ ಸಾಕೆಟ್ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಊರಿನ ಸಣ್ಣ ಗ್ಯಾರೇಜುಗಳಲ್ಲಿ ಎಲ್ಲರಿಗೂ ಸೇರಿದ ಒಂದು ಬೋರ್ಡ್ ಟೂಲ್ ಇರುತ್ತದೆ. ಒಳ್ಳೆಯ ಪಾನಾಗಳು (ಸ್ಪ್ಯಾನರ್) ಹಿರಿಯ ಮೇಸ್ತ್ರಿಯ ಕೈಯಲ್ಲಿರುತ್ತವೆ, ಸವೆದವು ನಿಮ್ಮ ಕೈಗೆ ಬರುತ್ತವೆ. ಸ್ವಂತ ಟೂಲಿನ ಅಗತ್ಯ ನಿಜವಾಗಿ ಇರುವುದು ಇಲ್ಲಿ.

ಜಾಕ್, ಜಾಕ್ ಸ್ಟ್ಯಾಂಡ್, ಕಂಪ್ರೆಸರ್, ಏರ್ ಗನ್, ಪುಲ್ಲರ್, ಕಾಯಿಲ್ ಸ್ಪ್ರಿಂಗ್ ಕಂಪ್ರೆಸರ್, ಸ್ಕ್ಯಾನರ್, ಎಂಜಿನ್ ಎತ್ತುವ ಕ್ರೇನ್ ಇವು ಗ್ಯಾರೇಜಿನ ಜವಾಬ್ದಾರಿ. ಇವಕ್ಕೆ ನಿಮ್ಮ ಸಂಬಳ ಹಾಕಬೇಡಿ. ಜಾಕ್ ಸ್ಟ್ಯಾಂಡ್ ಇಲ್ಲದೆ ಬರೀ ಜಾಕ್ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಹೋಗು ಎನ್ನುವ ಜಾಗವಾದರೆ, ಟೂಲ್ ಕೊಳ್ಳುವುದನ್ನು ಬಿಟ್ಟು ಬೇರೆ ಗ್ಯಾರೇಜ್ ಹುಡುಕುವುದು ಉತ್ತಮ.

ಯಾವ ಗಾಡಿಗೆ ಯಾವ ಸೈಜು

ಇದನ್ನು ತಿಳಿದವರಿಗೆ ಅರ್ಧ ದುಡ್ಡು ಉಳಿಯುತ್ತದೆ. ಎಂ6 ಬೋಲ್ಟಿಗೆ, ಅಂದರೆ ಥ್ರೆಡ್ 6 ಮಿ.ಮೀ. ದಪ್ಪ ಇರುವುದಕ್ಕೆ, ಹೆಚ್ಚುಕಡಿಮೆ ಎಲ್ಲ ಕಾರಿನಲ್ಲೂ 10 ಮಿ.ಮೀ. ತಲೆ. ಅಲ್ಲಿಂದ ಮೇಲಕ್ಕೆ ದಾರಿ ಕವಲಾಗುತ್ತದೆ. ಜಪಾನ್ ಪದ್ಧತಿಯಲ್ಲಿ ಎಂ8ಕ್ಕೆ 12, ಎಂ10ಕ್ಕೆ 14, ಎಂ12ಕ್ಕೆ 17. ಯುರೋಪ್ ಪದ್ಧತಿಯಲ್ಲಿ ಎಂ8ಕ್ಕೆ 13, ಎಂ10ಕ್ಕೆ 16, ಎಂ12ಕ್ಕೆ 18. ಹಳೆಯ ಯುರೋಪ್ ಅಳತೆಯಲ್ಲಿ ಎಂ10ಕ್ಕೆ 17, ಎಂ12ಕ್ಕೆ 19.

ಮಾರುತಿ, ಟೊಯೋಟಾ, ಹೋಂಡಾ, ಹ್ಯುಂಡೈ, ಕಿಯಾ ಹೆಚ್ಚಾಗಿ ಬರುವ ಗ್ಯಾರೇಜಿನಲ್ಲಿ 8, 10, 12, 14, 17, 19 ಇದ್ದರೆ ದಿನದ ಬಹುಪಾಲು ಕೆಲಸ ಆಗುತ್ತದೆ. ಟಾಟಾ, ಮಹೀಂದ್ರಾ, ಫೋಕ್ಸ್‌ವ್ಯಾಗನ್, ಸ್ಕೋಡಾ, ರೆನೋ ಬರುವ ಕಡೆ 10, 13, 15, 16, 17, 18, 19 ಬೇಕು. ಎರಡೂ ಬೆರೆತ ಗಾಡಿಗಳೂ ಇವೆ. ಹಳೆಯ ಸ್ವಿಫ್ಟ್ ಡೀಸೆಲ್‌ನಲ್ಲಿ ಕೂತಿರುವುದು ಫಿಯೆಟ್ ವಿನ್ಯಾಸದ 1.3 ಲೀಟರ್ ಎಂಜಿನ್. ಹಾಗಾಗಿ ಬಾಡಿ, ಸಸ್ಪೆನ್ಶನ್ ಕಡೆ 12, 14 ಹಿಡಿದ ಕೈಗೆ ಎಂಜಿನ್ ಮೇಲೆ 13 ಎದುರಾಗುತ್ತದೆ. ಕತ್ತಲ ಮೂಲೆಯಲ್ಲಿ 12ರ ತಲೆಗೆ 13 ಹಾಕಿ ಎಳೆದರೆ ಮೂಲೆಗಳು ಒಂದೇ ಏಟಿಗೆ ಗುಂಡಾಗುತ್ತವೆ. ‘ಸ್ವಲ್ಪ ಲೂಸ್ ಇದೆ, ನಡೆಯುತ್ತೆ’ ಅನ್ನಿಸಿದ ಕ್ಷಣವೇ ನಿಲ್ಲಿಸಿ ಒಂದು ಸೈಜು ಕಡಿಮೆಯದನ್ನು ಹಾಕಿ ನೋಡಿ.

ಚಕ್ರದ ನಟ್ ಬೇರೆ ಲೆಕ್ಕ. ಮಾರುತಿಯಲ್ಲಿ 19, ಹ್ಯುಂಡೈ ಮತ್ತು ಟೊಯೋಟಾ ಇನ್ನೋವಾದಲ್ಲಿ 21, ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದಲ್ಲಿ ನಟ್ ಬದಲು 17ರ ತಲೆಯ ಬೋಲ್ಟ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ 8 ಪೀಸಿನ ಡಬಲ್ ಎಂಡ್ ಪಾನಾ ಸೆಟ್ 6×7ರಿಂದ ಶುರುವಾಗಿ 18×19, 20×22ಕ್ಕೆ ಮುಗಿಯುತ್ತದೆ. 21 ಅದರಲ್ಲಿ ಇಲ್ಲ. ಚಕ್ರಕ್ಕೆ 21ರ ಸಾಕೆಟನ್ನು ಬಿಡಿಯಾಗಿಯೇ ಕೊಳ್ಳಬೇಕು.

ಇಂಚಿನ ಸೆಟ್ ಈಗ ಕಾರ್ ಕೆಲಸಕ್ಕೆ ಬೇಡ. ಅಂಬಾಸಿಡರ್, ಹಳೆಯ ಜೀಪ್, ಹಳೆಯ ಟ್ರ್ಯಾಕ್ಟರ್, ಹಳೆಯ ಬುಲೆಟ್ ಬರುವ ಗ್ಯಾರೇಜಾದರೆ ಮಾತ್ರ ಯೋಚಿಸಿ. ಅಲ್ಲೂ ಮುಕ್ಕಾಲು ಇಂಚಿಗೆ 19 ಸರಿಯಾಗಿ ಕೂರುತ್ತದೆ. ಅರ್ಧ ಇಂಚು ಅಂದರೆ 12.7 ಮಿ.ಮೀ., ಅದಕ್ಕೆ 13 ಹಾಕಿದರೆ ಜಾರುತ್ತದೆ.

ಮೊದಲ ಖರೀದಿ

ಮೊದಲ ತಿಂಗಳು ಸಂಬಳದ ಕಾಲು ಭಾಗಕ್ಕಿಂತ ಹೆಚ್ಚು ಖರ್ಚು ಬೇಡ. ಸಾಲ ಮಾಡಿ ಟೂಲ್ ಕೊಳ್ಳುವುದಂತೂ ಬೇಡವೇ ಬೇಡ. ಕೊಳ್ಳುವ ಕ್ರಮ ಹೀಗಿರಲಿ.

ಮೊದಲಿಗೆ ಕಾಂಬಿನೇಶನ್ ಪಾನಾ, ಅಂದರೆ ಒಂದು ತುದಿ ಓಪನ್, ಇನ್ನೊಂದು ತುದಿ ರಿಂಗ್, ಎರಡೂ ಒಂದೇ ಸೈಜು. 8, 10, 12, 13, 14, 17, 19 ಏಳು ಪೀಸು ಸಾಕು. ಎರಡು ಸೈಜಿನ ಡಬಲ್ ಎಂಡ್ ಪಾನಾ ಅಗ್ಗ ನಿಜ, ಆದರೆ ಅದರಲ್ಲಿ ರಿಂಗ್ ಇರುವುದಿಲ್ಲ. ಓಪನ್ ಪಾನಾ ಬೋಲ್ಟಿನ ಆರು ಮುಖಗಳಲ್ಲಿ ಎರಡನ್ನು ಮಾತ್ರ ಹಿಡಿಯುತ್ತದೆ, ಜೋರು ಹಾಕಿದರೆ ಬಾಯಿ ಅಗಲವಾಗಿ ಜಾರುತ್ತದೆ. ರಿಂಗ್ ಸುತ್ತಲೂ ಹಿಡಿಯುತ್ತದೆ. ಬಿಗಿ ಸಡಿಲಿಸುವುದು ಯಾವಾಗಲೂ ರಿಂಗ್‌ನಿಂದ, ಸಡಿಲವಾದ ಮೇಲೆ ಬೇಗ ತಿರುಗಿಸಲು ಓಪನ್. ಓಪನ್ ಬಾಯಿ ಹಿಡಿಗೆ 15 ಡಿಗ್ರಿ ಓರೆಯಾಗಿರುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಒಂದು ಎಳೆತ ಆದಮೇಲೆ ಪಾನಾ ಮಗುಚಿ ಹಾಕಿದರೆ ಮತ್ತೊಂದು ಎಳೆತಕ್ಕೆ ಜಾಗ ಸಿಗುವುದು ಅದರಿಂದಲೇ. 10 ಮತ್ತು 12 ಎರಡೆರಡು ಕೊಳ್ಳಿ, ಏಕೆಂದರೆ ಬೋಲ್ಟ್ ಒಂದು ಕಡೆ, ನಟ್ ಇನ್ನೊಂದು ಕಡೆ ಇದ್ದಾಗ ಎರಡೂ ಬೇಕು. ಗ್ಯಾರೇಜಿನಲ್ಲಿ ಅತಿ ಹೆಚ್ಚು ಕಳೆದುಹೋಗುವುದೂ 10ರ ಪಾನಾ ಮತ್ತು 10ರ ಸಾಕೆಟ್‌ಗಳೇ.

ಎರಡನೆಯದು ಸಾಕೆಟ್, ಕೆಲವರು ಗೋಟಿ ಎನ್ನುತ್ತಾರೆ. ಡ್ರೈವ್ ಅಂದರೆ ಸಾಕೆಟಿನ ಹಿಂದಿನ ಚೌಕ ತೂತಿನ ಅಳತೆ. ಕಾಲು ಇಂಚು ಡ್ಯಾಶ್‌ಬೋರ್ಡಿಗೆ, ಸಣ್ಣ ಕ್ಲಾಂಪಿಗೆ. ಮೂರೆಂಟಾಂಶ (3/8) ಇಂಚು, ಅಂದರೆ 9.5 ಮಿ.ಮೀ., ಎಂಜಿನ್ ಕೆಲಸಕ್ಕೆ. ಅರ್ಧ ಇಂಚು ಸಸ್ಪೆನ್ಶನ್, ಚಕ್ರ, ಆಕ್ಸಲ್‌ಗೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಎಲ್ಲಕ್ಕೂ ಅರ್ಧ ಇಂಚನ್ನೇ ಬಳಸುವ ರೂಢಿ ಇದೆ, ಅದರಿಂದಲೇ ಎಷ್ಟೋ ಬೋಲ್ಟ್‌ಗಳು ಮುರಿಯುತ್ತವೆ. ಲೆಕ್ಕ ನೋಡಿ: 8.8 ದರ್ಜೆಯ (ಇದು ಬೋಲ್ಟಿನ ಗಟ್ಟಿತನದ ಗುರುತು) ಎಂ6 ಬೋಲ್ಟಿಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್. ನ್ಯೂಟನ್ ಮೀಟರ್ ಎಂಬುದು ತಿರುಗಿಸುವ ಬಲದ ಅಳತೆ. 25 ಸೆಂ.ಮೀ. ಉದ್ದದ, ಸಾಕೆಟ್ ತಿರುಗಿಸುವ ಹಲ್ಲಿನ ಹಿಡಿಯಾದ ಅರ್ಧ ಇಂಚಿನ ರ‍್ಯಾಚೆಟ್ ತುದಿಗೆ ಬರೀ 10 ಕೆ.ಜಿ. ಬಲ ಬಿದ್ದರೂ ಅದು 25 ನ್ಯೂಟನ್ ಮೀಟರ್ ಆಗುತ್ತದೆ. ಟ್ಯಾಪೆಟ್ ಕವರಿನ (ಎಂಜಿನ್ ಮೇಲಿನ ಮುಚ್ಚಳ) ಬೋಲ್ಟ್ ತುಂಡಾಗುವುದಕ್ಕೆ, ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುವುದಕ್ಕೆ ಅಷ್ಟು ಸಾಕು. ಕೈಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಮೊದಲ ಸಾಕೆಟ್ ಸೆಟ್ ಮೂರೆಂಟಾಂಶದ್ದೇ ಇರಲಿ: 8, 10, 12, 13, 14, 17 ಗಿಡ್ಡ ಸಾಕೆಟ್, 10, 12, 14 ಉದ್ದ ಸಾಕೆಟ್, 75 ಮತ್ತು 150 ಮಿ.ಮೀ. ಎಕ್ಸ್‌ಟೆನ್ಶನ್ ಒಂದೊಂದು, ಒಂದು ಯೂನಿವರ್ಸಲ್ ಜಾಯಿಂಟ್, ಒಂದು ರ‍್ಯಾಚೆಟ್.

ಸಾಕೆಟ್ ಆರು ಮೂಲೆಯದ್ದನ್ನೇ ಕೇಳಿ. ಹನ್ನೆರಡು ಮೂಲೆಯದ್ದು ಕೂರಿಸಲು ಸುಲಭ, ಆದರೆ ಬೋಲ್ಟಿನ ಮೂಲೆಗೇ ಹತ್ತಿರ ತಾಗುವುದರಿಂದ ತುಕ್ಕು ಹಿಡಿದ ತಲೆಯ ಮೇಲೆ ಮೊದಲು ಜಾರುವುದು ಅದೇ. ಮಲೆನಾಡು, ಕರಾವಳಿ ಕಡೆಯ ಗಾಡಿಗಳಲ್ಲಿ ಕೆಳಭಾಗದ ಬೋಲ್ಟ್‌ಗಳು ತುಕ್ಕು ತಿಂದು ಅಳತೆಗಿಂತ ಸಣ್ಣದಾಗಿರುತ್ತವೆ. ಅಲ್ಲಿ ಆರು ಮೂಲೆಯ ಸಾಕೆಟ್ ಬಿಟ್ಟರೆ ಗತಿಯಿಲ್ಲ.

ರ‍್ಯಾಚೆಟ್‌ನ ಹಲ್ಲು ಎಣಿಸಿ ಕೊಳ್ಳಿ. 24 ಹಲ್ಲಿನದಾದರೆ ಒಂದೊಂದು ಟಿಕ್‌ಗೂ ಹಿಡಿ 15 ಡಿಗ್ರಿ ಹಿಂದೆ ಬರಬೇಕು, 36 ಹಲ್ಲಿಗೆ 10, 72 ಹಲ್ಲಿಗೆ 5 ಡಿಗ್ರಿ ಸಾಕು. ಆಲ್ಟರ್ನೇಟರ್ ಹಿಂದೆ, ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಪಕ್ಕ ಕೈ ಆಡಲು ಜಾಗವಿಲ್ಲದ ಕಡೆ 72 ಹಲ್ಲಿನದು ಕೆಲಸ ಮಾಡುತ್ತದೆ, 24ರದ್ದು ಆಡುವುದೇ ಇಲ್ಲ. ಆದರೆ ಸಣ್ಣ ಹಲ್ಲಿಗೆ ಕೆಟ್ಟ ಉಕ್ಕು ಹಾಕಿದ್ದರೆ ಹಲ್ಲು ಹಾರಿ ಬೆರಳು ರೇಡಿಯೇಟರಿಗೆ ಬಡಿಯುತ್ತದೆ. ಅಗ್ಗದ ರ‍್ಯಾಚೆಟ್ ಕೊಳ್ಳುವುದೇ ಆದರೆ ದೊಡ್ಡ ಹಲ್ಲಿನದನ್ನೇ ಕೊಳ್ಳಿ. ಯಾವ ರ‍್ಯಾಚೆಟ್ಟೂ ಜಾಮ್ ಆದ ಬೋಲ್ಟ್ ಬಿಡಿಸುವುದಕ್ಕೆ ಅಲ್ಲ. ಅದಕ್ಕೆ ಅರ್ಧ ಇಂಚಿನ ಪವರ್ ಬಾರ್, ಅಂದರೆ ಹಲ್ಲಿಲ್ಲದ ಉದ್ದ ಹಿಡಿ, 45 ಸೆಂ.ಮೀ. ಅಥವಾ ಅದಕ್ಕಿಂತ ಉದ್ದದ್ದು, ಜೊತೆಗೆ 17, 19, 21ರ ಅರ್ಧ ಇಂಚಿನ ಸಾಕೆಟ್. 100 ನ್ಯೂಟನ್ ಮೀಟರ್ ಬಿಗಿದ ಚಕ್ರದ ನಟ್ಟನ್ನು 45 ಸೆಂ.ಮೀ. ಬಾರ್‌ನಲ್ಲಿ ಸುಮಾರು 23 ಕೆ.ಜಿ. ಬಲಕ್ಕೆ ಬಿಡಿಸಬಹುದು. ಪಾನಾಕ್ಕೆ ಪೈಪ್ ತೂರಿಸಿ ಎಳೆಯುವ ಅಭ್ಯಾಸ ಆಗ ಬೇಕಾಗುವುದಿಲ್ಲ.

ಸ್ಕ್ರೂಡ್ರೈವರ್ ವಿಷಯದಲ್ಲಿ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದಿಲ್ಲ, ಹಾಳಾಗುವ ಸ್ಕ್ರೂಗಳು ಮಾತ್ರ ಲೆಕ್ಕವಿಲ್ಲದಷ್ಟು. ಸ್ಟಾರ್ ತುದಿಯ, ಅಂದರೆ ಫಿಲಿಪ್ಸ್ ಮಾದರಿಯ, ಪಿಎಚ್1, ಪಿಎಚ್2, ಪಿಎಚ್3 ಮೂರೂ ಬೇಕು. 2ರ ಸ್ಟಾರ್ ಹಾಕಬೇಕಾದ ಕಡೆ 1 ಹಾಕಿ ತಿರುಗಿಸುವುದರಿಂದಲೇ ತಲೆಗಳು ಹಾಳಾಗುವುದು. ಚಪ್ಪಟೆಯದ್ದು 6 ಮತ್ತು 8 ಮಿ.ಮೀ. ಅಗಲದವು ಒಂದೊಂದು, ಜೊತೆಗೆ ಏರ್ ಫಿಲ್ಟರ್ ಸಂದಿಗೆ ಒಂದು ಮೋಟು ಸ್ಕ್ರೂಡ್ರೈವರ್. ಜಪಾನ್ ಮೂಲದ ಗಾಡಿಗಳ, ವಿಶೇಷವಾಗಿ ಬೈಕುಗಳ ಸ್ಟಾರ್ ಸ್ಕ್ರೂ ಸಾಮಾನ್ಯ ಫಿಲಿಪ್ಸ್‌ಗಿಂತ ಆಕಾರದಲ್ಲಿ ತುಸು ಬೇರೆ. ಹಲವು ಬಾರಿ ತಲೆಯ ಮೇಲೆ ಒಂದು ಸಣ್ಣ ಚುಕ್ಕಿ ಇರುತ್ತದೆ. ಅದಕ್ಕೆ ಜಪಾನ್ ಅಳತೆಯ ಸ್ಕ್ರೂಡ್ರೈವರ್, ವೆಸ್ಸೆಲ್‌ನಂಥ ಬ್ರ್ಯಾಂಡಿನದು, ಭದ್ರವಾಗಿ ಕೂರುತ್ತದೆ. ಬ್ರೇಕ್ ಡಿಸ್ಕಿಗೆ ಹಾಕಿದ ಸ್ಟಾರ್ ಸ್ಕ್ರೂ ಮತ್ತು ಬೈಕಿನ ಕ್ರ್ಯಾಂಕ್‌ಕೇಸ್ ಸ್ಕ್ರೂಗಳಿಗೆ ಕೈಬಲ ಸಾಲದು. ಸುತ್ತಿಗೆಯಿಂದ ಹೊಡೆದರೆ ಒತ್ತುತ್ತಲೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಒಂದು ಇರಲಿ, ಬೆಲೆಯೂ ಹೆಚ್ಚಿಲ್ಲ.

ಇಕ್ಕಳಗಳಲ್ಲಿ ಮೊದಲಿಗೆ ಮೂರು ಸಾಕು: 200 ಮಿ.ಮೀ. ಕಾಂಬಿನೇಶನ್ ಪ್ಲೈಯರ್, ಉದ್ದಮೂತಿಯದು, 250 ಮಿ.ಮೀ. ವಾಟರ್ ಪಂಪ್ ಪ್ಲೈಯರ್. ರೇಡಿಯೇಟರ್ ಹೋಸಿನ ಸ್ಪ್ರಿಂಗ್ ಕ್ಲಿಪ್ಪುಗಳಿಗೆ ವಾಟರ್ ಪಂಪ್ ಪ್ಲೈಯರೇ ಕೈಗೆ ಒಗ್ಗುತ್ತದೆ. ಪ್ಲೈಯರನ್ನು ನಟ್ ತಿರುಗಿಸಲು ಎತ್ತಿಕೊಂಡಿರಿ ಎಂದಾದರೆ ನಿಮ್ಮ ಹತ್ತಿರ ಒಂದು ಪಾನಾ ಕಡಿಮೆ ಇದೆ ಎಂದರ್ಥ.

ಸುತ್ತಿಗೆ ಅರ್ಧ ಕೆ.ಜಿ.ಯ ಬಾಲ್ ಪೀನ್ ಒಂದು, ರಬ್ಬರ್ ಅಥವಾ ನೈಲಾನ್ ತಲೆಯದು ಒಂದು. ಉಕ್ಕಿನ ಸುತ್ತಿಗೆಯಿಂದ ನೇರವಾಗಿ ಶಾಫ್ಟಿನ ತುದಿಗೋ ಬೇರಿಂಗಿಗೋ ಹೊಡೆದರೆ ಥ್ರೆಡ್ ಮುದುಡಿ, ಬಿಚ್ಚಿದ್ದು ಮತ್ತೆ ಹಾಕಲು ಬರುವುದಿಲ್ಲ. ನಡುವೆ ಹಿತ್ತಾಳೆ ತುಂಡು ಇಟ್ಟು ಹೊಡೆಯಿರಿ.

ಅಲೆನ್ ಕೀ 3ರಿಂದ 10 ಮಿ.ಮೀ. ಸೆಟ್. ಉದ್ದ ಕಾಲಿನ, ತುದಿ ದುಂಡಗಿರುವವು ಓರೆಯಾಗಿ ತಿರುಗಿಸಲು ಚೆನ್ನ, ಆದರೆ ಬಿಗಿ ಬಿಡಿಸಲು ಆ ದುಂಡು ತುದಿ ಬಳಸಬೇಡಿ, ಕತ್ತು ಮುರಿಯುತ್ತದೆ. ಅಲೆನ್ ಬೋಲ್ಟಿನ ಗುಳಿಯಲ್ಲಿ ಮಣ್ಣು, ಗ್ರೀಸ್ ತುಂಬಿರುತ್ತದೆ. ಮೊದಲು ಚೂಪಾದ ಕಡ್ಡಿಯಿಂದ ಕೆದಕಿ ತೆಗೆದು, ಕೀಯನ್ನು ಸುತ್ತಿಗೆಯಿಂದ ಮೆಲ್ಲಗೆ ಒಂದು ತಟ್ಟು ಕೊಟ್ಟು ಪೂರ್ತಿ ಕೂರಿಸಿ ಆಮೇಲೆ ತಿರುಗಿಸಿ. ಬ್ರೇಕ್ ಕ್ಯಾಲಿಪರ್ ಗೈಡ್ ಪಿನ್ನಿನ ಅಲೆನ್ ತಲೆ ಹಾಳಾದರೆ ಅರ್ಧ ದಿನ ಹೋಗುತ್ತದೆ.

ಇವುಗಳ ಜೊತೆಗೆ ಹಣೆಗೆ ಕಟ್ಟುವ ಲೈಟ್, ಉದ್ದ ಕತ್ತಿನ ಮ್ಯಾಗ್ನೆಟ್, ವೈರ್ ಬ್ರಷ್, ಪ್ಲಾಸ್ಟಿಕ್ ಟ್ರಿಮ್ ಲಿವರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್. ಬಾಗಿಲಿನ ಕ್ಲಿಪ್ಪನ್ನು ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ಗ್ರಾಹಕರ ಹೊಸ ಡೋರ್ ಪ್ಯಾಡ್ ಗೀರಿದರೆ ಬರುವ ಮಾತುಗಳ ಮುಂದೆ ಟ್ರಿಮ್ ಲಿವರ್‌ನ ಬೆಲೆ ಏನೂ ಅಲ್ಲ. ಇವೆಲ್ಲಕ್ಕಿಂತ ಮೊದಲು ಕಣ್ಣಿಗೆ ಗಾಗಲ್ಸ್ ಕೊಳ್ಳಿ.

ಅಂಗಡಿಯಲ್ಲಿ ನಿಂತು ನೋಡಬೇಕಾದ್ದು

ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ, ಜೆ.ಸಿ. ರಸ್ತೆಯ ಆಟೊಮೊಬೈಲ್ ಅಂಗಡಿಗಳ ಸಾಲಿನಲ್ಲಿ ಬಿಡಿ ಪಾನಾ, ಬಿಡಿ ಸಾಕೆಟ್ ಸಿಗುತ್ತವೆ. ಬೇರೆ ಊರುಗಳಲ್ಲಿ ಬೇರಿಂಗ್, ಮಿಲ್ ಸ್ಟೋರ್ಸ್ ಅಂಗಡಿಗಳನ್ನು ವಿಚಾರಿಸಿ. ಹೋಗುವಾಗ ಜೇಬಿನಲ್ಲಿ ಹೊಸ ಬೋಲ್ಟ್‌ಗಳನ್ನು ಇಟ್ಟುಕೊಂಡು ಹೋಗಿ: 10, 12, 13, 14, 17ರ ತಲೆಯವು ಒಂದೊಂದು. ಪಾನಾ ಬೋಲ್ಟಿಗೆ ಹಾಕಿ ಎಡಬಲ ಆಡಿಸಿ. ಎರಡು ಬ್ರ್ಯಾಂಡ್ ಪಕ್ಕಪಕ್ಕ ಹಿಡಿದು ಆಡಿಸಿದರೆ ಯಾವುದು ಸಡಿಲ ಎಂದು ಕೈಗೇ ತಿಳಿಯುತ್ತದೆ. ಇಷ್ಟು ನೋಡಲು ಬಿಡದ ಅಂಗಡಿಯಿಂದ ಎದ್ದು ಬನ್ನಿ.

ಆಮೇಲೆ ರಿಂಗಿನ ಒಳಗೋಡೆ ನೋಡಿ. ಮೂಲೆಗಳು ಚೊಕ್ಕವಾಗಿರಬೇಕು, ಕ್ರೋಮ್ ಲೇಪ ಒಳಗೆ ಗಂಟುಗಂಟಾಗಿ ಕಟ್ಟಿರಬಾರದು. ಲೇಪ ಎದ್ದು ಬರುವ ಪಾನಾ ಬೇಡ, ಆ ಕ್ರೋಮಿನ ಸಿಪ್ಪೆ ಬ್ಲೇಡಿನಂತೆ ಕೈ ಕೊಯ್ಯುತ್ತದೆ. ಸೈಜಿನ ಅಂಕಿ ಆಳವಾಗಿ ಅಚ್ಚಾಗಿರಬೇಕು, ಬರೀ ಬಣ್ಣದಲ್ಲಿ ಬರೆದಿದ್ದರೆ ಒಂದು ತಿಂಗಳಲ್ಲಿ ಅಳಿಯುತ್ತದೆ. ರ‍್ಯಾಚೆಟ್ ಹಿಡಿದು ನಿಧಾನ ತಿರುಗಿಸಿ, ಪ್ರತಿ ಟಿಕ್ ಒಂದೇ ಸಮ ಬರಬೇಕು. ಸಾಕೆಟನ್ನು ಹಾಕಿ ತೆಗೆದು ನೋಡಿ: ತಾನಾಗಿ ಬಿದ್ದರೂ ಕಷ್ಟ, ಕಿತ್ತು ತೆಗೆಯಬೇಕಾದರೂ ಕಷ್ಟ. ಪ್ಲೈಯರ್ ಮುಚ್ಚಿ ಬೆಳಕಿಗೆ ಹಿಡಿದರೆ ಕತ್ತರಿಸುವ ಅಂಚಿನ ನಡುವೆ ಬೆಳಕು ಕಾಣಬಾರದು.

ಬ್ರ್ಯಾಂಡ್ ಬಗ್ಗೆ ಹೇಳುವುದಾದರೆ, ನಾಸಿಕ್‌ನ ಟಪಾರಿಯಾ ಪಾನಾ, ಸ್ಕ್ರೂಡ್ರೈವರ್, ಪ್ಲೈಯರ್‌ಗಳು ಹೊಸಬರಿಗೆ ಯೋಗ್ಯವಾದವು, ಬಿಡಿ ಪೀಸೂ ಸುಲಭವಾಗಿ ಸಿಗುತ್ತದೆ. ಜಲಂಧರ್, ಲುಧಿಯಾನಾ ಕಡೆಯಿಂದ ಬರುವ ಟೂಲ್‌ಗಳಲ್ಲಿ ಬಹಳ ಒಳ್ಳೆಯವೂ ಇವೆ, ಕಳಪೆಯೂ ಇವೆ. ಅಲ್ಲಿ ಹೆಸರಿಗಿಂತ ಬೋಲ್ಟ್ ಪರೀಕ್ಷೆಯನ್ನೇ ನಂಬಿ. ರ‍್ಯಾಚೆಟ್ ಮತ್ತು ಸಾಕೆಟಿಗೆ ಸ್ವಲ್ಪ ಹೆಚ್ಚು ಕೊಡಬಹುದಾದರೆ ತೈವಾನಿನ ಕಿಂಗ್ ಟೋನಿ, ಟಾಪ್‌ಟುಲ್, ಜಾನ್ಸ್‌ವೇ ನೋಡಿ. ಜಪಾನಿನ ಕೋಕೆನ್ ಸಾಕೆಟ್ ಬಹಳ ಚೆನ್ನ, ಆದರೆ ಮೊದಲ ವರ್ಷದಲ್ಲಿ ಅಷ್ಟು ದುಡ್ಡು ಬೇಕಾಗಿಲ್ಲ. ಹೆಸರಾದ ಬ್ರ್ಯಾಂಡುಗಳ ನಕಲಿಗಳೂ ಮಾರುಕಟ್ಟೆಯಲ್ಲಿವೆ. ಅಕ್ಷರದ ಕಾಗುಣಿತ, ಅಚ್ಚಿನ ಅಂದ, ತೂಕ ಮೂರನ್ನೂ ಗಮನಿಸಿ, ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ.

ಗುಜರಿಯಲ್ಲಿ ಹಳೆಯ ಟೂಲ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಸುತ್ತಿಗೆ, ಪವರ್ ಬಾರ್, ಬೆಂಚ್ ವೈಸ್, ದಪ್ಪ ರಿಂಗ್ ಪಾನಾ ಕಣ್ಣಿಗೆ ಸರಿ ಕಂಡರೆ ಸಾಮಾನ್ಯವಾಗಿ ಸರಿಯೇ ಇರುತ್ತವೆ. ಓಪನ್ ಪಾನಾ ಆದರೆ ಬಾಯಿ ಅಗಲಿಸಿದೆಯೇ ನೋಡಿ. ಟಾರ್ಕ್ ರೆಂಚ್ (ಅಳತೆಗೆ ತಕ್ಕಷ್ಟೇ ಬಿಗಿಸುವ ರೆಂಚ್), ಸ್ಪ್ರಿಂಗ್ ಕಂಪ್ರೆಸರ್, ಜಾಕ್ ಮಾತ್ರ ಹಳೆಯದು ಬೇಡ, ಒಳಗಿನ ದೋಷ ಹೊರಗೆ ಕಾಣುವುದಿಲ್ಲ.

ಏರ್ ಗನ್ನಿಗೆ ಕೈ ಸಾಕೆಟ್ ಹಾಕಬೇಡಿ

ಹೊಳೆಯುವ ಕ್ರೋಮ್ ವೆನೇಡಿಯಂ ಸಾಕೆಟ್ ಗಟ್ಟಿ, ತೆಳು. ಕೈಬಲಕ್ಕೆ ಅದು ಸರಿ. ಏರ್ ಗನ್ನು ಸೆಕೆಂಡಿಗೆ ಹಲವು ಏಟು ಕೊಡುತ್ತದೆ, ಅದಕ್ಕೆ ಈ ಸಾಕೆಟ್ ಸೀಳಿ ಚೂರು ಹಾರುತ್ತದೆ. ಗನ್ನಿಗೆ ಬೇಕಾದ್ದು ಕಪ್ಪು ಬಣ್ಣದ, ದಪ್ಪ ಗೋಡೆಯ ಕ್ರೋಮ್ ಮಾಲಿಬ್ಡಿನಂ ಸಾಕೆಟ್. ಅದು ಏಟನ್ನು ತಾಳಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಇದು ಇಲ್ಲದಿದ್ದರೆ 17, 19, 21 ಮೂರನ್ನು ನೀವೇ ತರಿಸಿಕೊಳ್ಳಿ. ಅಲಾಯ್ ಚಕ್ರಕ್ಕೆ ತೆಳು ಗೋಡೆಯ, ಹೊರಗೆ ಪ್ಲಾಸ್ಟಿಕ್ ತೋಳು ಇರುವ ಇಂಪ್ಯಾಕ್ಟ್ ಸಾಕೆಟ್ ಸಿಗುತ್ತದೆ, ರಿಮ್ ಗೀರುವುದಿಲ್ಲ.

ಟಾರ್ಕ್ ರೆಂಚ್

ಗ್ಯಾರೇಜಿನಲ್ಲಿ ಒಂದು ಇದ್ದರೆ ಅದನ್ನು ಬಳಸಲು ಕಲಿಯಿರಿ. ಇಲ್ಲದಿದ್ದರೆ ಆರು ತಿಂಗಳೊಳಗೆ ಕೊಳ್ಳಬೇಕಾದ ಮುಖ್ಯ ಉಪಕರಣ ಇದೇ. ಅರ್ಧ ಇಂಚು ಡ್ರೈವಿನ, ಸುಮಾರು 40ರಿಂದ 200 ನ್ಯೂಟನ್ ಮೀಟರ್ ವ್ಯಾಪ್ತಿಯ, ಕ್ಲಿಕ್ ಆಗುವ ಮಾದರಿ ಚಕ್ರ ಮತ್ತು ಸಸ್ಪೆನ್ಶನ್‌ಗೆ ಸಾಕು. ಸಣ್ಣ ಕಾರುಗಳ ಚಕ್ರದ ನಟ್ ಬಿಗಿ ಸಾಮಾನ್ಯವಾಗಿ 85ರಿಂದ 120ರ ನಡುವೆ, ನಿಖರ ಅಂಕಿ ಆಯಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಏರ್ ಗನ್ನಿನಲ್ಲಿ ಮನಸ್ಸಿಗೆ ಬಂದಂತೆ ಬಿಗಿದರೆ ಸ್ಟಡ್ ಉದ್ದವಾಗುತ್ತದೆ, ನಟ್‌ಗಳು ಒಂದೊಂದು ಒಂದೊಂದು ಬಿಗಿಯಾಗಿ ಡಿಸ್ಕ್ ಸಮನಾಗಿ ಕೂರುವುದಿಲ್ಲ. ಕೆಲವು ಸಾವಿರ ಕಿ.ಮೀ. ಆದಮೇಲೆ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗುವ ದೂರಿಗೆ ಇದೂ ಒಂದು ಕಾರಣ.

ಸ್ಪಾರ್ಕ್ ಪ್ಲಗ್‌ಗೆ ಈ ದೊಡ್ಡ ರೆಂಚ್ ಆಗುವುದಿಲ್ಲ. ವಾಷರ್ ಇರುವ 14 ಮಿ.ಮೀ. ಥ್ರೆಡ್ಡಿನ ಪ್ಲಗ್ ಅಲ್ಯೂಮಿನಿಯಂ ಹೆಡ್‌ನಲ್ಲಿ 25ರಿಂದ 30 ನ್ಯೂಟನ್ ಮೀಟರ್ ಕೇಳುತ್ತದೆ, 12 ಮಿ.ಮೀ. ಥ್ರೆಡ್ಡಿನದು 15ರಿಂದ 20. ಯಾವ ಕ್ಲಿಕ್ ರೆಂಚನ್ನೂ ಅದರ ವ್ಯಾಪ್ತಿಯ ಕೆಳತುದಿಯಲ್ಲಿ ನಂಬಬೇಡಿ. ಸಣ್ಣ ರೆಂಚ್ ಇಲ್ಲದಿದ್ದರೆ ದಾರಿ ಇದೆ: ಪ್ಲಗ್ಗನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಹೊಸ ವಾಷರ್ ಆದರೆ ಅಲ್ಲಿಂದ ಅರ್ಧ ಸುತ್ತಿಗಿಂತ ತುಸು ಹೆಚ್ಚು, ಹಳೆಯ ಪ್ಲಗ್ಗೇ ಆದರೆ ಸುತ್ತಿನ ಹನ್ನೆರಡನೇ ಒಂದು ಭಾಗ ಮಾತ್ರ. ಪ್ಲಗ್ ಸಾಕೆಟ್ 16 ಮಿ.ಮೀ. ಹೆಚ್ಚಿನ ಹೊಸ ಕಾರುಗಳಿಗೆ, ಹಳೆಯವಕ್ಕೆ 21. ಒಳಗೆ ರಬ್ಬರ್ ಅಥವಾ ಮ್ಯಾಗ್ನೆಟ್ ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಆಳದ ಬಾವಿಗೆ ಪ್ಲಗ್ ಕೈಜಾರಿ ಬಿದ್ದು ತುದಿಯ ಅಂತರ ಮುಚ್ಚಿಹೋಗುತ್ತದೆ.

ಟಾರ್ಕ್ ರೆಂಚಿನಿಂದ ಬೋಲ್ಟ್ ಬಿಚ್ಚಬೇಡಿ. ಕ್ಲಿಕ್ ಎಂದ ಮೇಲೆ ಇನ್ನೊಮ್ಮೆ ಎಳೆಯಬೇಡಿ. ಕೆಲಸ ಮುಗಿದ ಮೇಲೆ ಅದರ ಕನಿಷ್ಠ ಅಂಕಿಗೆ ತಿರುಗಿಸಿಟ್ಟು ಪೆಟ್ಟಿಗೆಗೆ ಹಾಕಿ, ಬಿಗಿದಿಟ್ಟರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ವರ್ಷಕ್ಕೊಮ್ಮೆ ಅಥವಾ ಸುಮಾರು 5,000 ಕ್ಲಿಕ್ ಆದಾಗ ಕ್ಯಾಲಿಬ್ರೇಶನ್ ಮಾಡಿಸಿ. ಕೆಳಗೆ ಬಿದ್ದಿದ್ದರೆ ಅದಕ್ಕೂ ಮೊದಲೇ.

ಮೂರು ತಿಂಗಳ ಮೇಲೆ

ಒಂದು ಸಣ್ಣ ಪುಸ್ತಕದಲ್ಲಿ ಯಾವ ದಿನ ಯಾವ ಟೂಲ್ ಬೇರೆಯವರಿಂದ ಕೇಳಿ ಪಡೆದಿರಿ ಎಂದು ಬರೆದಿಡಿ. ಮೂರು ಸಲ ಕೇಳಿದ್ದನ್ನು ಕೊಳ್ಳಿ. ಹೆಚ್ಚಿನವರ ಪುಸ್ತಕದಲ್ಲಿ ಬರುವವು ಇವು.

ಬ್ರೇಕ್ ಪೈಪಿಗೆ ಫ್ಲೇರ್ ನಟ್ ಪಾನಾ (ಪೈಪ್ ತೂರಲು ಒಂದು ಕಡೆ ಸೀಳಿರುವ ರಿಂಗ್), ಮಾರುತಿ ಬಳಗಕ್ಕೆ 10, ಯುರೋಪಿನ ಗಾಡಿಗಳಿಗೆ 11. ಬ್ರೇಕ್ ಪೈಪಿನ ನಟ್ ಮೃದು, ಓಪನ್ ಪಾನಾ ಹಾಕಿದರೆ ಸುಲಭವಾಗಿ ಗುಂಡಾಗುತ್ತದೆ. ಆಮೇಲೆ ಇಡೀ ಪೈಪ್ ಬದಲಿಸಬೇಕು. ಬ್ರೇಕಿನ ಗಾಳಿ ತೆಗೆಯುವ ಬ್ಲೀಡ್ ನಿಪ್ಪಲ್‌ಗೂ ಅಷ್ಟೇ, ರಿಂಗ್ ಹಾಕಿಯೇ ಬಿಚ್ಚಬೇಕು. ಸರ್ಕ್ಲಿಪ್ ಪ್ಲೈಯರ್ ಒಳಗಿನದು, ಹೊರಗಿನದು ಒಂದೊಂದು. ಲಾಕಿಂಗ್ ಪ್ಲೈಯರ್ 10 ಇಂಚಿನದು. ಆರು ಮೊನೆಯ ನಕ್ಷತ್ರದಂಥ ಟಾರ್ಕ್ಸ್ ಬಿಟ್‌ಗಳು ಟಿ20ಯಿಂದ ಟಿ50, ಇದು ಯುರೋಪಿನ ಗಾಡಿ ಬರುವ ಕಡೆ ಬೇಕೇ ಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಹನ್ನೆರಡು ಮೊನೆಯ ತ್ರಿಚೌಕ (ಟ್ರಿಪಲ್ ಸ್ಕ್ವೇರ್) ಬೋಲ್ಟ್‌ಗಳೂ ಇವೆ, ಎಂ8, ಎಂ10 ಬಿಟ್ ಸಾಲುತ್ತವೆ. ಅದಕ್ಕೆ ಟಾರ್ಕ್ಸ್ ಅಥವಾ ಅಲೆನ್ ಒತ್ತಿ ತಿರುಗಿಸಿದರೆ ಕೂಡಲೇ ಸವೆಯುತ್ತದೆ.

150 ಮಿ.ಮೀ. ವರ್ನಿಯರ್ ಒಂದು. ಆದರೆ ಬ್ರೇಕ್ ಡಿಸ್ಕಿನ ದಪ್ಪವನ್ನು ಅದರಿಂದ ಅಳೆಯುವಾಗ ಹುಷಾರು, ಡಿಸ್ಕಿನ ಅಂಚಿನಲ್ಲಿ ಸವೆಯದ ದಿಂಡು ಉಳಿದಿರುತ್ತದೆ. ವರ್ನಿಯರ್‌ನ ಬಾಯಿ ಅದರ ಮೇಲೆ ಕೂತು ದಪ್ಪ ಹೆಚ್ಚು ತೋರಿಸುತ್ತದೆ. ಅಲ್ಲಿಗೆ ಮೈಕ್ರೋಮೀಟರ್ ಸರಿ. ಡಿಜಿಟಲ್ ಮಲ್ಟಿಮೀಟರ್ ಒಂದು: ಚಾರ್ಜ್ ಆಗಿ ಸುಮ್ಮನಿರುವ ಬ್ಯಾಟರಿ 12.6 ವೋಲ್ಟ್ ಸುತ್ತ ಇರಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳ ಹತ್ತಿರವೂ ಒಯ್ಯಬೇಡಿ.

ಎಲೆಕ್ಟ್ರಿಕ್ ಕಾರ್ ಬರುತ್ತಿರುವ ಗ್ಯಾರೇಜಾದರೆ ಒಂದು ಮಾತು. ಕಿತ್ತಳೆ ಬಣ್ಣದ ಕೇಬಲ್ಲಿನ ಕೆಲಸಕ್ಕೆ 1000 ವೋಲ್ಟ್ ಎಂದು ಬರೆದ, ಎರಡು ತ್ರಿಕೋನದ ಗುರುತಿರುವ ಇನ್ಸುಲೇಟೆಡ್ ಟೂಲ್ ಬೇಕು, ಜೊತೆಗೆ ಆ ತರಬೇತಿ ಬೇಕು. ಸಾಮಾನ್ಯ ಪಾನಾಕ್ಕೆ ಇನ್ಸುಲೇಶನ್ ಟೇಪ್ ಸುತ್ತಿ ಆ ಕೆಲಸಕ್ಕೆ ಇಳಿಯಬಾರದು. ಟೇಪ್ ಸುತ್ತಿದ ಪಾನಾ 12 ವೋಲ್ಟಿನ ಬ್ಯಾಟರಿಗೆ ಮಾತ್ರ ಸರಿ. ಅಲ್ಲೂ ಮೊದಲು ಬಿಚ್ಚಬೇಕಾದ್ದು ನೆಗೆಟಿವ್. ನೆಗೆಟಿವ್ ಇರುವಾಗಲೇ ಪಾಸಿಟಿವ್ ಬಿಚ್ಚಲು ಹೋಗಿ 10ರ ಪಾನಾ ಬಾಡಿಗೆ ತಾಗಿದರೆ ನೇರ ಶಾರ್ಟ್ ಆಗಿ ಪಾನಾ ಕೆಂಪಗೆ ಕಾಯುತ್ತದೆ.

ಇಡುವುದು, ಎಣಿಸುವುದು

ಮೊದಲಿಗೆ ಐದು ತಟ್ಟೆಯ ತಗಡಿನ ಪೆಟ್ಟಿಗೆ ಸಾಕು, ಟ್ರಾಲಿ ಆಮೇಲೆ ಆದೀತು. ನಿಮ್ಮ ಟೂಲಿಗೆ ಗುರುತು ಮಾಡಿ. ಬಣ್ಣದ ಪಟ್ಟಿ ಥಿನ್ನರ್ ತಾಗಿದರೆ ಹೋಗುತ್ತದೆ, ಎನ್‌ಗ್ರೇವರಿನಲ್ಲಿ ಹೆಸರಿನ ಎರಡಕ್ಷರ ಕೆತ್ತಿದರೆ ಉಳಿಯುತ್ತದೆ. ಸಾಕೆಟ್‌ಗಳನ್ನು ರೈಲಿಗೆ ಸಿಕ್ಕಿಸಿ, ಖಾಲಿ ಜಾಗ ಕಣ್ಣಿಗೆ ಬೀಳಬೇಕು. ಗಾಡಿಯ ಬಾನೆಟ್ ಮುಚ್ಚುವ ಮೊದಲು ಎಣಿಸಿ, ಸಂಜೆಯಲ್ಲ. ಬ್ಯಾಟರಿ ತಟ್ಟೆಯ ಮೇಲೆ ಮರೆತ ಪಾನಾ ದಾರಿಯಲ್ಲಿ ಫ್ಯಾನ್ ಬೆಲ್ಟಿಗೆ ಬಿದ್ದರೆ ಹೋಗುವುದು ಪಾನಾ ಮಾತ್ರವಲ್ಲ.

ದಿನದ ಕೊನೆಗೆ ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆಯಿಂದ. ಎಣ್ಣೆ ಜಿಡ್ಡಿನ ಪಾನಾ ಕೈಯಿಂದ ಜಾರುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯ ತಳಕ್ಕೆ ತೆಳುವಾಗಿ ಎಣ್ಣೆ ಸವರಿದ ಬಟ್ಟೆ ಹಾಸಿ. ಉಳಿ, ಪಂಚುಗಳ ತಲೆ ಏಟು ತಿಂದು ಅಣಬೆಯಂತೆ ಅರಳಿದ್ದರೆ ಗ್ರೈಂಡರಿನಲ್ಲಿ ಅಂಚು ತೆಗೆಯಿರಿ, ಆ ಅಂಚಿನ ಚೂರು ಹಾರಿದರೆ ಕಣ್ಣಿಗೇ ಬೀಳುತ್ತದೆ. ಗ್ರೈಂಡ್ ಮಾಡುವಾಗ ಉಕ್ಕು ನೀಲಿಯಾಗಲು ಬಿಡಬೇಡಿ, ಆಗಾಗ ನೀರಿಗದ್ದಿ. ನೀಲಿಯಾದ ಜಾಗ ಹದ ಕಳೆದುಕೊಂಡು ಮೆತ್ತಗಾಗಿರುತ್ತದೆ.

ಬಾಯಿ ಅಗಲಿಸಿದ ಓಪನ್ ಪಾನಾ, ಮೂಲೆ ಸವೆದ ಸಾಕೆಟ್, ತುದಿ ದುಂಡಾದ ಸ್ಕ್ರೂಡ್ರೈವರ್ ಇವನ್ನು ‘ಇರಲಿ’ ಎಂದು ಪೆಟ್ಟಿಗೆಯಲ್ಲಿ ಉಳಿಸಿಕೊಂಡರೆ ಅವಸರದಲ್ಲಿ ಕೈಗೆ ಬರುವುದು ಅವೇ. ಹಳೆಯ 13, 17ರ ಪಾನಾಗಳನ್ನು ಬೇರೆ ಡಬ್ಬದಲ್ಲಿಡಿ. ಇಕ್ಕಟ್ಟಿನ ಜಾಗಕ್ಕೆ ತೆಳುವಾಗಿ ಅರೆದ ಅಥವಾ ಹಿಡಿ ಮೊಟಕು ಮಾಡಿದ ಪಾನಾ ಬೇಕಾದಾಗ ಹೊಸದನ್ನು ಕೆಡಿಸುವ ಬದಲು ಅವು ಒದಗುತ್ತವೆ. ಮುರಿದ ಸಾಕೆಟ್ ಮತ್ತು ರ‍್ಯಾಚೆಟ್ ಬಿಸಾಡುವ ಮುನ್ನ ಬಿಲ್ ತೆಗೆದು ನೋಡಿ. ಕೆಲವು ಬ್ರ್ಯಾಂಡುಗಳು ತಯಾರಿಕೆಯ ದೋಷಕ್ಕೆ ಬದಲಿ ಕೊಡುತ್ತವೆ, ರ‍್ಯಾಚೆಟ್‌ನ ಒಳಗಿನ ಹಲ್ಲಿನ ಕಿಟ್ ಬಿಡಿಯಾಗಿಯೂ ಸಿಗುತ್ತದೆ. ಪೈಪ್ ತೂರಿಸಿ ಮುರಿದದ್ದಕ್ಕೆ ಮಾತ್ರ ಯಾರೂ ಕೊಡುವುದಿಲ್ಲ. ಬಾಗಿದ ಹಿಡಿಯನ್ನು ನೋಡಿದೊಡನೆ ಡೀಲರಿಗೆ ಗೊತ್ತಾಗುತ್ತದೆ.